ಆರಕ್ಕೂ ಒಂಬತ್ತಕ್ಕೂ ನಡುವೆ

ಇವತ್ತು ಬೆಳಿಗ್ಗೆ ಫೋನಿಗೊಂದು ಗೃಹಪ್ರವೇಶದ ಆಹ್ವಾನ ಬಂತು. ಕಳಿಸಿದವರು ತಂಗಿಯ ಬೀಗರು. ಹೂವಿನ ಚೌಕಟ್ಟು, ಮೂಲೆಗೊಂದು ಗಣಪತಿ, ಎರಡು ದೀಪ, ಎಲ್ಲ ಚೆನ್ನಾಗಿದ್ದವು. ಅಕ್ಷರ ಇರಬೇಕಾದ ಕಡೆ ಮಾತ್ರ ಸಾಲುಸಾಲು ಖಾಲಿ ಚೌಕಗಳು. ಬೇರೆ ಯಾರಾದರೂ ಆಗಿದ್ದರೆ ನಕ್ಕು, ಫೋನು ಮಾಡಿ, ದಿನ ಯಾವುದು ಊಟಕ್ಕೆ ಎಷ್ಟೊತ್ತಿಗೆ ಬರಬೇಕು ಎಂದು ಕೇಳಿ ಮುಗಿಸುತ್ತಿದ್ದರು. ನನಗೆ ಹಾಗಾಗುವುದಿಲ್ಲ. ಖಾಲಿ ಚೌಕ ಕಂಡರೆ ಈಗಲೂ ಅಲ್ಲಿ ಯಾವ ಅಕ್ಷರವಿತ್ತೆಂದು ತಿಳಿಯುವವರೆಗೆ ಬೇರೆ ಕೆಲಸಕ್ಕೆ ಕೈ ಹಾಕಲಾಗುವುದಿಲ್ಲ. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಇಪ್ಪತ್ತು ವರ್ಷಕ್ಕೂ ಹಿಂದೆ, ಕನಕಪುರದಲ್ಲಿದ್ದ ನನ್ನ ಡಿ.ಟಿ.ಪಿ. ಅಂಗಡಿಗೆ ಕರೆದುಕೊಂಡು ಹೋಗಬೇಕು.

ಅಂಗಡಿ ಎಂದರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಕೋಣೆ. ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಬೆಂಚು, ನಾನು. ಕನ್ನಡ ಟೈಪ್‌ರೈಟಿಂಗ್ ಸೀನಿಯರ್ ಪಾಸು ಮಾಡಿಕೊಂಡಿದ್ದ ನನಗೆ ಕಂಪ್ಯೂಟರು ಬಂದಾಗ ಮೊದಲು ಭಯವಾಗಿತ್ತು, ಆರು ತಿಂಗಳಲ್ಲಿ ಅಹಂಕಾರವಾಗಿತ್ತು. ಆಗ ಹಾರೋಹಳ್ಳಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಬೆಳಿಗ್ಗೆ ಗಾರ್ಮೆಂಟ್ಸಿನ ಬಸ್ಸುಗಳು ಹಳ್ಳಿಹಳ್ಳಿಗೂ ಹೋಗಿ ಹೆಣ್ಣುಮಕ್ಕಳನ್ನು ತುಂಬಿಕೊಂಡು ಬರುತ್ತಿದ್ದವು. ಕೆಲಸಕ್ಕೆ ಅರ್ಜಿ ಹಾಕುವವರು ನನ್ನ ಬೆಂಚಿನ ಮೇಲೆ ಕೂತು, ಹೆಸರು ಹೇಳುತ್ತಿದ್ದರು, ಊರು ಹೇಳುತ್ತಿದ್ದರು, ಹುಟ್ಟಿದ ತಾರೀಖು ಕೇಳಿದರೆ ಪಕ್ಕದಲ್ಲಿ ಕೂತ ಅವ್ವನ ಮುಖ ನೋಡುತ್ತಿದ್ದರು. ಸಾತನೂರು ಕಡೆಯಿಂದ ಬಂದವರು ಮಾತ್ರ ಹಾಗೆ ನೋಡುತ್ತಿರಲಿಲ್ಲ. ಅವರ ಅವ್ವಂದಿರು ಧೈರ್ಯವಾಗಿ ಹೇಳುತ್ತಿದ್ದರು: "ನಮ್ ಜಯಮ್ಮನೋರ ಬುಕ್ಕಲ್ಲೈತೆ, ನೋಡ್ಕೊಂಡ್ ಬತ್ತೀವಿ."

ಆ ಜಯಮ್ಮನವರು ಒಂದು ದಿನ ಅಂಗಡಿಗೆ ಬಂದರು. ಬಿಳಿ ಸೀರೆ, ಎಣ್ಣೆ ಹಾಕಿ ಬಿಗಿದ ತುರುಬು, ಹೆಗಲಲ್ಲಿ ಒಂದು ರೆಕ್ಸಿನ್ ಚೀಲ. ಸಾತನೂರು ಹೋಬಳಿಯ ಹಳ್ಳಿಯೊಂದರ ಚಿಕ್ಕ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹೆರಿಗೆ ನರ್ಸು. ಸುತ್ತಿನ ಹಳ್ಳಿಗಳಿಗೆ ಬಸ್ಸಿದ್ದಲ್ಲಿ ಬಸ್ಸು, ಇಲ್ಲದಲ್ಲಿ ಕಾಲ್ನಡಿಗೆ. ತಮ್ಮ ಕೈಮೇಲೆ ಹುಟ್ಟಿದ ಪ್ರತಿಯೊಂದು ಮಗುವನ್ನೂ ಸರ್ಕಾರದ ರಿಜಿಸ್ಟರಿನಲ್ಲಿ ಬರೆಯುವುದಲ್ಲದೆ, ತಮ್ಮದೇ ನೋಟ್‌ಬುಕ್ಕಿನಲ್ಲೂ ಬರೆದಿಟ್ಟುಕೊಳ್ಳುತ್ತಿದ್ದರಂತೆ. ತಾಯಿ ಯಾರು, ತಾರೀಖು ಯಾವುದು, ತೂಕ ಎಷ್ಟು, ಜೊತೆಗೆ ಒಂದು ಸಾಲು. "ಅತ್ತೆ ಲಾಟೀನು ಹಿಡಿದಿದ್ದರು." "ಅಳಲಿಲ್ಲ, ಬೆನ್ನು ತಟ್ಟಿದ ಮೇಲೆ ಅತ್ತ." "ಜೋರು ಮಳೆ, ಹಳ್ಳ ದಾಟಿಸಿದವರು ಭಾವ." ಹೀಗೆ.

ನಿವೃತ್ತಿಗೆ ಎರಡು ವರ್ಷ ಇರುವಾಗ ಆ ಆಸ್ಪತ್ರೆಗೊಂದು ಕಂಪ್ಯೂಟರು ಬಂತು. ಬಂದ ದಿನ ಕುಂಕುಮ ಹಚ್ಚಿದರು, ಆಮೇಲೆ ಬಟ್ಟೆ ಮುಚ್ಚಿದರು. ಆ ಬಟ್ಟೆ ತೆಗೆದವರು ಜಯಮ್ಮನವರೇ. ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ, ನೋಟ್‌ಬುಕ್ಕುಗಳನ್ನೆಲ್ಲ ಟೈಪು ಮಾಡಿದರು. ನಾಲ್ಕು ಫ್ಲಾಪಿಗಳಾದವು. ಟೈಪಾಯಿತಲ್ಲ ಎಂದು ನೋಟ್‌ಬುಕ್ಕುಗಳನ್ನು ಗೋಣಿಚೀಲಕ್ಕೆ ತುಂಬಿ ಅಟ್ಟದ ಮೂಲೆಗಿಟ್ಟರು. ಅಲ್ಲಿ ಗೆದ್ದಲು ಅವನ್ನು ಪೂರ್ತಿ ಓದಿ ಮುಗಿಸಿತು.

"ಮುಂದಿನ ತಿಂಗಳ ಕೊನೇಗೆ ನಂದು ರಿಟೈರು ಕಣವ್ವ," ಎಂದರು ಜಯಮ್ಮನವರು ಫ್ಲಾಪಿಗಳನ್ನು ಮೇಜಿನ ಮೇಲಿಡುತ್ತ. "ಊರೋರು ಏನೋ ಸನ್ಮಾನ ಅಂತವ್ರೆ. ನಾನೂ ಏನಾರ ಕೊಡ್ಬೇಕಲ್ಲ. ಒಂದೊಂದು ಮಗೀಗೆ ಒಂದೊಂದು ಹಾಳೆ, ಆ ತಾಯಿ ಕೈಗೆ. ಪ್ರಿಂಟ್ ತೆಗ್ದುಕೊಡು."

ಇಷ್ಟೇ ಕೆಲಸ. ಮೊದಲ ಫ್ಲಾಪಿ ಹಾಕಿ ಕಡತ ತೆರೆದೆ. ತೆರೆ ತುಂಬ ಅಕ್ಷರಗಳಿದ್ದವು, ಕನ್ನಡದವೇ. ಆದರೆ ಒತ್ತಕ್ಷರಗಳು ತಮ್ಮ ಮನೆ ಬಿಟ್ಟು ಪಕ್ಕದ ಮನೆಯಲ್ಲಿ ಕೂತಿದ್ದವು, ದೀರ್ಘಗಳು ತೇಲುತ್ತಿದ್ದವು, ನಡುನಡುವೆ ಖಾಲಿ ಚೌಕಗಳು. ಸಣ್ಣಮ್ಮ ಎನ್ನುವ ಹೆಸರು ಹಲ್ಲಿಲ್ಲದವರು ಹೇಳಿದ ಹಾಗೆ ಕಾಣುತ್ತಿತ್ತು. ಜಯಮ್ಮನವರು ಕನ್ನಡಕ ಏರಿಸಿ ಹತ್ತಿರ ಬಂದು ನೋಡಿದರು. ಒಂದು ಸಾಲಿನ ಮೇಲೆ ಬೆರಳು ಓಡಿಸಿದರು. ಆಮೇಲೆ, "ನಾನು ಹಿಂಗ್ ಬರ್ದಿರ್ನಿಲ್ಲ ಕಣೆ," ಎಂದರು, ತಪ್ಪು ಅವರದೇ ಇರಬಹುದೇನೋ ಎನ್ನುವ ದನಿಯಲ್ಲಿ.

ತಪ್ಪು ಅವರದಲ್ಲ. ಆ ಕಾಲದ ಕಂಪ್ಯೂಟರಿಗೆ ನಿಜವಾಗಿ ಕನ್ನಡ ಗೊತ್ತಿರಲಿಲ್ಲ. ಅದಕ್ಕೆ ಗೊತ್ತಿದ್ದದ್ದು ಬರೀ ನಂಬರು. ಇಂಥ ನಂಬರಿನ ಗೂಡಿನಲ್ಲಿರುವುದನ್ನು ತೋರಿಸು ಎಂದರೆ ತೋರಿಸುತ್ತಿತ್ತು. ಯಾವ ಗೂಡಿನಲ್ಲಿ ಯಾವ ಅಕ್ಷರ ಎನ್ನುವುದು ಫಾಂಟು, ಅಂದರೆ ಆ ಅಕ್ಷರಗಳ ಸೆಟ್ಟು, ಮಾಡಿದವರ ಇಷ್ಟ. ಜಯಮ್ಮನವರು ಟೈಪು ಮಾಡಿದ್ದ ಫಾಂಟೂ ನನ್ನ ಅಂಗಡಿಯ ಫಾಂಟೂ ಹೆಸರಿನಲ್ಲಿ ಒಂದೇ. ಆದರೆ ನನ್ನದು ಹೊಸ ಆವೃತ್ತಿ. ಹೊಸದು ಮಾಡಿದವರು ಯಾವುದೋ ಅನುಕೂಲಕ್ಕೆಂದು ಕೆಲವು ಗೂಡುಗಳನ್ನು ಅದಲುಬದಲು ಮಾಡಿ, ಕೆಲವನ್ನು ಖಾಲಿ ಬಿಟ್ಟು, ಹೆಸರನ್ನು ಮಾತ್ರ ಹಾಗೆಯೇ ಉಳಿಸಿದ್ದರು. ಅತ್ತೆ ಸಾಸಿವೆ ಇಟ್ಟ ಬಟ್ಟಲಿಗೆ ಸೊಸೆ ಜೀರಿಗೆ ಸುರಿದಂತೆ. ಕಂಪ್ಯೂಟರು ಪಾಪ ಅದೇ ಬಟ್ಟಲಿಗೆ ಕೈ ಹಾಕುತ್ತಿತ್ತು.

ಇದನ್ನು ಈಗ ಇಷ್ಟು ಸಲೀಸಾಗಿ ಹೇಳುತ್ತಿದ್ದೇನೆ. ಅವತ್ತು ನನಗೆ ಇದರಲ್ಲಿ ಕಾಲು ಭಾಗವೂ ಗೊತ್ತಿರಲಿಲ್ಲ. ಊರಿನ ಕಂಪ್ಯೂಟರುಗಳನ್ನೆಲ್ಲ ರಿಪೇರಿ ಮಾಡುತ್ತಿದ್ದ ಮಂಜಣ್ಣನನ್ನು ಕರೆಸಿದೆ. ಮಂಜಣ್ಣನಿಗೆ ಎಲ್ಲ ರೋಗವೂ ಒಂದೇ. "ವೈರಸ್ ಕಣಕ್ಕ, ಫಾರ್ಮ್ಯಾಟ್ ಹೊಡ್ದುಬುಡಣ," ಎಂದ. ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಹಳೆಯ ಫಾಂಟು ಇರಬೇಕಲ್ಲ, ಅಲ್ಲಿಂದಲೇ ತರೋಣವೇ ಎಂದೆ. "ಅದಕ್ಕೂ ಹೋದ ವಾರ ನಾನೇ ಹೊಡ್ದು ಎಲ್ಲಾ ಅಳಿಸಿದ್ದು," ಎಂದ, ಸಂತೋಷದಿಂದ.

ಆಗ ನಾನು ನನ್ನ ಬುದ್ಧಿ ತೋರಿಸಿದೆ. ಪ್ರೋಗ್ರಾಮಿನಲ್ಲಿ ಒಂದು ಸೌಲಭ್ಯವಿರುತ್ತದೆ: ಒಂದು ಅಕ್ಷರವನ್ನು ಹುಡುಕಿ, ಇರುವ ಕಡೆಯೆಲ್ಲ ಇನ್ನೊಂದನ್ನು ಹಾಕು ಎಂದರೆ ಒಂದೇ ಏಟಿಗೆ ಹಾಕುತ್ತದೆ. ಮೊದಲ ಪುಟದಲ್ಲಿದ್ದ ಖಾಲಿ ಚೌಕ ತೋರಿಸಿ, ಇದೇನು ಎಂದು ಜಯಮ್ಮನವರನ್ನು ಕೇಳಿದೆ. ಅಕ್ಕಪಕ್ಕದ ಸಾಲು ನೋಡಿ ನೆನಪು ಮಾಡಿಕೊಂಡು, "ಒಂಬತ್ತು," ಎಂದರು. ಚೌಕ ಇರುವ ಕಡೆಯೆಲ್ಲ ಒಂಬತ್ತು ಹಾಕು ಎಂದೆ. ಹಾಕಿತು. ಇನ್ನೂ ಕೆಲವು ಚೌಕ ಉಳಿದಿದ್ದವು. ಯಂತ್ರ ಅಷ್ಟು ಸರಿಯಾಗಿ ನೋಡಿಲ್ಲ ಎಂದುಕೊಂಡು, ಉಳಿದವನ್ನೂ ಇನ್ನೊಂದು ಏಟಿಗೆ ಒಂಬತ್ತು ಮಾಡಿ, ಸೇವ್ ಒತ್ತಿದೆ. ಎಲ್ಲಿಗೆ? ಅದೇ ಫ್ಲಾಪಿಗೆ. ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬೇಕೆಂಬ ಯೋಚನೆಯೂ ಬರಲಿಲ್ಲ. ಪಕ್ಕದಲ್ಲಿ ಜಯಮ್ಮನವರು, "ಎಷ್ಟು ಚುರುಕವ್ವ ನೀನು," ಎಂದರು. ನನಗೂ ಹಾಗೇ ಅನ್ನಿಸಿತ್ತು.

ಒತ್ತಕ್ಷರಗಳ ವಿಷಯಕ್ಕೆ ಬಂದಾಗ ನನ್ನ ಚುರುಕುತನ ಮುಗಿಯಿತು. ಒಂದನ್ನು ಸರಿಮಾಡಿದರೆ ಎರಡು ಕೆಡುತ್ತಿದ್ದವು. ಎರಡನೆಯ ದಿನದ ಹೊತ್ತಿಗೆ ಸೋಲೊಪ್ಪಿಕೊಂಡೆ. ಪುಣ್ಯಕ್ಕೆ ಉಳಿದ ಮೂರು ಫ್ಲಾಪಿ ಮುಟ್ಟಿರಲಿಲ್ಲ. ಇದಕ್ಕಿರುವುದು ಒಂದೇ ದಾರಿ, ಆ ಹಳೆಯ ಫಾಂಟನ್ನೇ ಎಲ್ಲಿಂದಾದರೂ ಹುಡುಕಿ ತರುವುದು ಎಂದು ನಿರ್ಧರಿಸಿದೆ.

ನೀವು ನಗಬಹುದು. ಈಗ ಫಾಂಟು ಬೇಕೆಂದರೆ ಕೂತಲ್ಲೇ ಬರುತ್ತದೆ. ಆಗ ನಾನು ಬಸ್ಸು ಹತ್ತಿದೆ. ಒಂದು ಗುರುವಾರ ಅಂಗಡಿಗೆ ಬಾಗಿಲು ಹಾಕಿ, ಬುತ್ತಿ ಕಟ್ಟಿಕೊಂಡು, ಖಾಲಿ ಫ್ಲಾಪಿ ಮೂರು ಇಟ್ಟುಕೊಂಡು ರಾಮನಗರಕ್ಕೆ ಹೋದೆ. ರೇಷ್ಮೆಗೂಡಿನ ಮಾರುಕಟ್ಟೆ ರಸ್ತೆಯಲ್ಲಿದ್ದ ಪರಿಚಯದ ಅಂಗಡಿಯಲ್ಲಿ ಹೊಸ ಆವೃತ್ತಿ. ಅವರು ನನ್ನ ಮೇಲೆ ಕನಿಕರಪಟ್ಟು ಅದಕ್ಕಿಂತಲೂ ಹೊಸದೊಂದನ್ನು ಕೊಡಲು ಬಂದರು. ಚನ್ನಪಟ್ಟಣದಲ್ಲಿ ಗೊಂಬೆಗಳ ಪೆಟ್ಟಿಗೆಗೆ ಚೀಟಿ ಅಚ್ಚು ಮಾಡುವವರೊಬ್ಬರಿದ್ದರು. ಅವರ ಕಂಪ್ಯೂಟರಿನಲ್ಲಿ ಇಂಗ್ಲಿಷು, ಫ್ರೆಂಚು ಎಲ್ಲ ಇತ್ತು, ಕನ್ನಡವೇ ಇರಲಿಲ್ಲ. ಶುಕ್ರವಾರ ಮಾಗಡಿ. ಅಲ್ಲಿಯ ಪ್ರೆಸ್ಸಿನವರು ತಲೆ ಕೆರೆದುಕೊಂಡು, "ಹಳೇದು ಬೇಕಂದ್ರೆ ಒಂದೇ ಜಾಗ. ತಿಪ್ಪಸಂದ್ರದತ್ರ ಡೈರಿ ಸೆಕ್ರೆಟರಿ ಹೊನ್ನಪ್ಪ ಅಂತ. ಅವ್ರು ಏನನ್ನೂ ಬದಲಾಯಿಸೋರಲ್ಲ," ಎಂದರು.

ಹೊನ್ನಪ್ಪನವರ ಡೈರಿ ತಲುಪಿದಾಗ ಸಂಜೆಯ ಹಾಲು ಹಾಕುವವರು ಕ್ಯಾನು ಹಿಡಿದು ಸಾಲು ನಿಂತಿದ್ದರು. ಹೊನ್ನಪ್ಪನವರು ಅರವತ್ತರ ಹತ್ತಿರದ, ತೋಳಿನ ಬನಿಯನ್ ಹಾಕಿದ ಮನುಷ್ಯ. ಮುಂದಿದ್ದ ಕಂಪ್ಯೂಟರಿನ ಮೇಲೆ ಹಾಲಿನ ಪಾತ್ರೆ ಮುಚ್ಚುವಂಥದೇ ಒಂದು ಬಿಳಿ ಪಂಚೆ. ನಾನು ಬಂದ ವಿಷಯ ಹೇಳಿದೆ.

"ಯಾವ ಊರಿಂದ ಬಂದಿದ್ದೀಯವ್ವ?"

"ಕನಕಪುರ."

"ಅಲ್ಲಿಂದ ಇಲ್ಲಿಗೆ? ಒಂದು ಅಕ್ಷರಕ್ಕೆ?"

"ಎಲ್ಲ ಅಕ್ಷರಕ್ಕೂ," ಎಂದೆ.

ಅವರು ಸಾಲಿನಲ್ಲಿದ್ದವರಿಗೆ ಒಸಿ ತಡೀರಿ ಎಂದು ಹೇಳಿ ಪಂಚೆ ತೆಗೆದರು. "ಆ ಕಂಪ್ಯೂಟ್ರೋರು ಮೂರು ಸಲ ಬಂದ್ರು, ಹೊಸದು ಬಂದೈತೆ ಹಾಕ್ತೀವಿ ಅಂತ. ನಾನು ಕೈ ಇಡಕ್ಕೇ ಬುಡ್ನಿಲ್ಲ. ಹಸ ಸರ್ಯಾಗಿ ಕರೀತಿರೋವಾಗ ಯಾರಾರ ಕೊಟ್ಟಿಗೆ ಬದಲಾಯಿಸ್ತಾರಾ?"

ಅಲ್ಲಿತ್ತು. ಅದೇ ಹೆಸರು, ಹಳೆಯ ಆವೃತ್ತಿ. ಮೂರು ಫ್ಲಾಪಿಗೂ ಪ್ರತಿ ಮಾಡಿಕೊಂಡೆ, ಒಂದು ಕೆಟ್ಟರೆ ಇನ್ನೊಂದಿರಲಿ ಎಂದು. ಈ ಬುದ್ಧಿ ನಾಲ್ಕು ದಿನ ಮೊದಲೇ ಬಂದಿದ್ದರೆ ಈ ಪ್ರಬಂಧ ಇಲ್ಲಿಗೇ ಮುಗಿಯುತ್ತಿತ್ತು. ಹೊನ್ನಪ್ಪನವರು ಒಂದು ಲೋಟ ಹಾಲು ಕುಡಿಸಿ, "ಯಾರ ಪುಸ್ತಕವ್ವ ಅದು?" ಎಂದು ಕೇಳಿದರು. ಹೇಳಿದೆ. ಸುಮ್ಮನೆ ತಲೆಯಾಡಿಸಿ, ನನ್ನನ್ನು ಬಸ್ಸು ನಿಲ್ಲುವ ಕಡೆಗೆ ತಮ್ಮ ಮೊಪೆಡ್ಡಿನಲ್ಲೇ ಬಿಟ್ಟು ಹೋದರು.

ಫಾಂಟು ಸಿಕ್ಕಿದರೆ ಕೆಲಸವಾಯಿತೆಂದು ತಿಳಿದಿದ್ದೆ. ಶನಿವಾರ ಅಂಗಡಿಯಲ್ಲಿ ಅದನ್ನು ಹಾಕಲು ಹೋದರೆ, ಈ ಹೆಸರಿನ ಫಾಂಟು ಆಗಲೇ ಇದೆ, ಮೊದಲು ಅದನ್ನು ತೆಗೆಯಿರಿ ಎಂದು ಕಂಪ್ಯೂಟರು ಹೇಳಿತು. ತೆಗೆಯಲು ಹೋದರೆ, ಅದು ಬಳಕೆಯಲ್ಲಿದೆ, ತೆಗೆಯಲಾಗದು ಎಂದಿತು. ತೆರೆದಿದ್ದ ಎಲ್ಲವನ್ನೂ ಮುಚ್ಚಿದೆ. ಆಗ ತೆಗೆಯಲು ಬಿಟ್ಟಿತು. ಹಳೆಯದನ್ನು ಹಾಕಿದೆ. ಕಡತ ತೆರೆದರೆ ಮತ್ತೆ ಅದೇ ತೇಲುವ ದೀರ್ಘಗಳು. ತೆಗೆದು ಹಾಕಿದ್ದು ಕಂಪ್ಯೂಟರಿನ ನೆನಪಿನಲ್ಲಿ ಇನ್ನೂ ಉಳಿದಿರುತ್ತದೆ, ಪೂರ್ತಿ ಆರಿಸಿ ಹೊತ್ತಿಸಿದರೆ ಮಾತ್ರ ಮರೆಯುತ್ತದೆ ಎಂದು ಗೊತ್ತಾಗಲು ನನಗೆ ಊಟದ ಹೊತ್ತಾಯಿತು. ಆರಿಸಿ, ಹೊತ್ತಿಸಿ, ಎರಡನೆಯ ಫ್ಲಾಪಿ ತೆರೆದೆ. ಅಲ್ಲೂ ಒಬ್ಬ ಸಣ್ಣಮ್ಮ: "ಸಣ್ಣಮ್ಮ. ಗಂಡು. ಅಳಲಿಲ್ಲ, ಬೆನ್ನು ತಟ್ಟಿದ ಮೇಲೆ ಅತ್ತ." ಒಂದಕ್ಷರ ಆಚೀಚೆ ಇಲ್ಲ. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಗುರುತಿಲ್ಲದ ಆ ಗಂಡುಮಗುವಿನ ಬಗ್ಗೆ ನಾನೊಬ್ಬಳೇ ನಕ್ಕೆ.

ಅಷ್ಟರಲ್ಲಿ ಮದುವೆ ಕಾರ್ಡಿನ ಪ್ರೂಫು ನೋಡಲು ಒಬ್ಬರು ಬಂದರು. ಅವರ ಕಾರ್ಡು ಟೈಪಾಗಿದ್ದದ್ದು ಹೊಸ ಆವೃತ್ತಿಯಲ್ಲಿ. ತೆರೆದರೆ ಮುಹೂರ್ತದ ಗಂಟೆಯ ಜಾಗದಲ್ಲಿ ಚೌಕಗಳು. ಅವರು ಹಾಳೆಯನ್ನು ದೂರ ಹಿಡಿದು ನೋಡಿ ಕೇಳಿದರು: "ಏನವ್ವ ಇದು, ನಂಟ್ರನ್ನ ಮದ್ವೆಗೆ ಕರೀಲಾ, ಚೌಕಾಬಾರಕ್ಕೆ ಕರೀಲಾ?" ಅಲ್ಲಿಂದ ಮುಂದೆ ಬೆಳಿಗ್ಗೆ ಊರಿನವರ ಕೆಲಸಕ್ಕೆ ಹೊಸ ಫಾಂಟು, ಮಧ್ಯಾಹ್ನ ಜಯಮ್ಮನವರ ಕೆಲಸಕ್ಕೆ ಹಳೆಯದು. ನಡುವೆ ತೆಗೆದು, ಆರಿಸಿ, ಹೊತ್ತಿಸಿ, ಹಾಕುವ ವ್ರತ. ಒಂದೇ ಹೆಸರಿನ ಇಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಲಾಗದೆ ಪಾಳಿ ಮೇಲೆ ಕರೆಯುತ್ತಿದ್ದೆ.

ಸೋಮವಾರ ಜಯಮ್ಮನವರು ಬಂದು ಪ್ರಿಂಟುಗಳನ್ನು ಓದಲು ಕೂತರು. ಎರಡು, ಮೂರು, ನಾಲ್ಕನೆಯ ಫ್ಲಾಪಿಯ ಹಾಳೆಗಳನ್ನು ಓದುವಾಗ ಅವರ ಮುಖ ನೋಡಬೇಕಿತ್ತು. ಒಂದೊಂದು ಹಾಳೆಗೂ ಒಂದೊಂದು ಮಾತು. "ಇವನು ಈಗ ಲಾರಿ ಓಡಿಸ್ತಾನೆ." "ಇವಳು ನನ್ನ ಕೈ ಕಚ್ಚಿದ್ಲು, ಮಗು ಅಲ್ಲ, ತಾಯಿ." ಆಮೇಲೆ ಮೊದಲ ಫ್ಲಾಪಿಯ ಹಾಳೆಗಳಿಗೆ ಬಂದರು. ನಾನು ಅದಲುಬದಲು ಮಾಡಿದ್ದ ಒತ್ತಕ್ಷರಗಳನ್ನೆಲ್ಲ, ಒಂಬತ್ತನ್ನೂ ಸೇರಿಸಿ, ಹಳೆಯ ಗೂಡುಗಳಿಗೆ ಹಿಂದಕ್ಕೆ ತಿರುಗಿಸಿ ಸರಿಪಡಿಸಿದ್ದೆ. ಹತ್ತಿಪ್ಪತ್ತು ಹಾಳೆ ಓದಿದವರು ಕನ್ನಡಕ ತೆಗೆದರು.

"ಅಲ್ಲ ಕಣೆ, ಆರನೇ ತಾರೀಖು ನಾನು ಒಂದೂ ಹೆರಿಗೆ ಮಾಡಿಸಿಲ್ವಾ?"

ನನಗೆ ಅರ್ಥವಾಗಲಿಲ್ಲ.

"ಹದಿನಾರಿಲ್ಲ. ಇಪ್ಪತ್ತಾರಿಲ್ಲ. ಆರನೇ ತಿಂಗಳೇ ಇಲ್ಲ. ಎಲ್ಲಾ ಒಂಬತ್ತೇ ಐತೆ."

ಆಗ ಅರ್ಥವಾಯಿತು. ಹೊಸ ಫಾಂಟಿನಲ್ಲಿ ಖಾಲಿ ಬಿದ್ದಿದ್ದ ಗೂಡು ಒಂದಲ್ಲ, ಎರಡು. ಹಳೆಯ ಒಂಬತ್ತಿನದು ಒಂದು, ಹಳೆಯ ಆರಿನದು ಒಂದು. ನನ್ನ ಕಣ್ಣಿಗೆ ಎರಡೂ ಒಂದೇ ಥರದ ಚೌಕ. ಮೊದಲ ಏಟಿಗೆ ಯಂತ್ರ ಸರಿಯಾಗಿಯೇ ನೋಡಿತ್ತು, ಒಂಬತ್ತನ್ನು ಒಂಬತ್ತು ಮಾಡಿತ್ತು. ಎರಡನೆಯ ಏಟಿಗೆ ನಾನು ಆರುಗಳನ್ನೆಲ್ಲ ಒಂಬತ್ತು ಮಾಡಿದ್ದೆ. ಬೆರೆತು ಹೋದ ಮೇಲೆ ಯಾವುದು ಯಾವುದೆಂದು ಹೇಳಲು ಪ್ರಪಂಚದ ಯಾವ ಫಾಂಟಿಗೂ ಸಾಧ್ಯವಿರಲಿಲ್ಲ. ನೋಟ್‌ಬುಕ್ಕು ಗೆದ್ದಲು ತಿಂದಿತ್ತು, ಸರ್ಕಾರದ ಹಳೆಯ ರಿಜಿಸ್ಟರುಗಳು ತಾಲ್ಲೂಕು ಕಚೇರಿಯ ಯಾವುದೋ ಕೋಣೆ ಸೇರಿ ಯಾರ ಕೈಗೂ ಸಿಗುತ್ತಿರಲಿಲ್ಲ.

ನಾನು ತಪ್ಪೊಪ್ಪಿಕೊಂಡೆ. ಹೇಗೆ ಹೇಳಿದೆನೋ ನೆನಪಿಲ್ಲ. ಜಯಮ್ಮನವರು ಬೈಯಲಿಲ್ಲ. ಮೂವತ್ತು ವರ್ಷ ಬೇರೆಯವರ ಗಾಬರಿಯ ಮಧ್ಯೆ ಕೆಲಸ ಮಾಡಿದವರಿಗೆ ಗಾಬರಿ ಸುಲಭವಾಗಿ ಬರುವುದಿಲ್ಲವೇನೋ. "ನೀರು ಕುಡಿ," ಎಂದರು. ಕುಡಿದ ಮೇಲೆ, "ಕೂತ್ಕೊ. ನಂಗೆ ಎಷ್ಟು ನೆಪ್ಪೈತೋ ನೋಡಣ," ಎಂದರು.

ಅವರ ನೆನಪು ತಾರೀಖಿನದಲ್ಲ, ದಿನದ್ದು. "ಇದು ಸಂತೆ ದಿನ, ಬಸ್ಸಲ್ಲಿ ನಿಲ್ಲಕ್ಕೂ ಜಾಗ ಇರ್ನಿಲ್ಲ." "ಇದು ಸೋಮವಾರ, ಆ ಮನೇಲಿ ಸೋಮವಾರದ ಒಪ್ಪತ್ತು." ಕಂಪ್ಯೂಟರಿನ ಗಡಿಯಾರದ ಮೇಲೆ ಎರಡು ಸಲ ಒತ್ತಿದರೆ ಹಳೆಯ ವರ್ಷಗಳ ಕ್ಯಾಲೆಂಡರು ಬರುತ್ತಿತ್ತು. ಅದರಲ್ಲಿ ಸಂತೆ ದಿನ ಹದಿನಾರರಂದು ಬೀಳುತ್ತದೋ ಹತ್ತೊಂಬತ್ತರಂದೋ ನೋಡಿ ತಿದ್ದುತ್ತ ಹೋದೆ. ಒಮ್ಮೆ ಮರೆತು ಅಲ್ಲೇ ಓಕೆ ಒತ್ತಿದ್ದರಿಂದ ಆ ಇಡೀ ದಿನ ನನ್ನ ಅಂಗಡಿಯಲ್ಲಿ ಟೈಪಾದ ಅರ್ಜಿಗಳೆಲ್ಲ ಹದಿನೈದು ವರ್ಷ ಹಿಂದಿನ ತಾರೀಖು ಹೊತ್ತುಕೊಂಡು ಕಚೇರಿಗಳಿಗೆ ಹೋದವು. ಮೂರು ದಿನ ಹೀಗೆ ಕೂತು ಬಹುಪಾಲು ತಿದ್ದಿದೆವು. ಕೊನೆಗೆ ನಲವತ್ತು ಚಿಲ್ಲರೆ ಹಾಳೆ ಉಳಿದವು. ಜಯಮ್ಮನವರಿಗೆ ನೆನಪಿಲ್ಲ.

"ನಂಗೆ ಮರ್ತಿರಬೋದು. ಹೆತ್ತೋರಿಗೆ ಮರ್ತಿರಲ್ಲ," ಎಂದರು. "ನಾಳೆ ಬಾ, ನಡ್ಕೊಂಡೋಗಣ."

ಹೀಗೆ ಫಾಂಟು ರಿಪೇರಿಯ ಕೊನೆಯ ಭಾಗವನ್ನು ನಾನು ಚಪ್ಪಲಿ ಸವೆಸಿ ಮಾಡಿದೆ. ಸಾತನೂರಿನಿಂದ ಒಳಗೆ ಹಿಪ್ಪುನೇರಳೆ ತೋಟಗಳ ನಡುವಿನ ದಾರಿ. ಜಯಮ್ಮನವರು ಮುಂದೆ, ನಾನು ಹಿಂದೆ, ಚೀಲದಲ್ಲಿ ಮೊದಲ ಫ್ಲಾಪಿಯ ಹಾಳೆಗಳೆಲ್ಲ. ಯಾವ ಮನೆಗೆ ಹೋದರೂ "ನರ್ಸಮ್ಮ ಬಂದ್ರು" ಎಂದು ಚಾಪೆ ಹಾಸುತ್ತಿದ್ದರು. ನಾನು ಪ್ರಶ್ನೆ ಕೇಳುವ ರೀತಿ ಮೊದಲು ಸರಿಯಿರಲಿಲ್ಲ. ಆರೋ ಒಂಬತ್ತೋ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಜಯಮ್ಮನವರು ಕೇಳುವುದನ್ನು ನೋಡಿ ಕಲಿತೆ. "ಆಗ ಹೊಲ್ದಲ್ಲಿ ಏನಿತ್ತು?" ಎಂದು ಕೇಳುತ್ತಿದ್ದರು. ಒಬ್ಬ ಅಜ್ಜಿ ನನ್ನನ್ನೇ ಗದರಿದಳು: "ರಾಗಿ ಪೈರು ಮೊಣಕಾಲುದ್ದ ಇತ್ತು ಕಣವ್ವ. ಆರನೇ ತಿಂಗಳಲ್ಲಿ ಮೊಣಕಾಲುದ್ದ ರಾಗಿ ಯಾರ ಹೊಲದಲ್ಲಿರ್ತದೆ? ನೀನು ಓದ್ದೋಳಲ್ವಾ?" ಇನ್ನೊಬ್ಬಳು ರೇಷ್ಮೆಹುಳದ ಲೆಕ್ಕ ಹೇಳಿದಳು. ಹುಳ ನಾಲ್ಕನೇ ಸಲ ಪೊರೆ ಬಿಡುವ ಜ್ವರಕ್ಕೆ ಕೂತಿದ್ದವು, ಸೊಪ್ಪು ಹಾಕುವ ಕೆಲಸವಿರಲಿಲ್ಲ, ಅದಕ್ಕೇ ಅವಳು ಮನೆಯಲ್ಲಿ ಮಲಗಿದ್ದಳಂತೆ, ಅವತ್ತೇ ನೋವು ಬಂತು, ಮಾರನೆಯ ದಿನ ಅಮಾವಾಸ್ಯೆ. ಒಂದು ಸಾಲು ತಪ್ಪದಂತೆ ಹೇಳಿದಳು. ನಾನು ಪೆನ್ಸಿಲಿನಲ್ಲಿ ತಿದ್ದಿಕೊಂಡೆ.

ಮೂರನೆಯ ಹಳ್ಳಿಯಲ್ಲಿ ಸಾಕಮ್ಮ ಎನ್ನುವವಳ ಮನೆಗೆ ಹೋದೆವು. ನಲವತ್ತರ ಆಸುಪಾಸಿನ ಹೆಂಗಸು, ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಅವಳ ಮಗಳು ಹಾರೋಹಳ್ಳಿಯ ಗಾರ್ಮೆಂಟ್ಸಿಗೆ ಸೇರಬೇಕು, ವಯಸ್ಸು ಹದಿನೆಂಟಾಗಿದೆಯೋ ಇಲ್ಲವೋ ಎಂದು ಕೇಳುತ್ತಿದ್ದಾರೆ. ಆ ಹುಡುಗಿಯ ತಾರೀಖು ಗೌರಿ ಹಬ್ಬದ ಹಿಂದಿನ ದಿನವೆಂದು ತಿಳಿದು, ಅದು ಒಂಬತ್ತನೆಯ ತಿಂಗಳೇ ಎಂದು ಖಚಿತವಾಯಿತು. ಹಾಳೆ ಮಡಿಸಿ ಏಳಬೇಕು, ಅಷ್ಟರಲ್ಲಿ ಸಾಕಮ್ಮ ಕೈ ಒರೆಸಿಕೊಳ್ಳುತ್ತ ಮೆಲ್ಲಗೆ ಕೇಳಿದಳು.

"ನಂದು ಮೊದಲನೇದು ಐತಾ ಅದ್ರಾಗೆ?"

ನಾನು ಜಯಮ್ಮನವರ ಮುಖ ನೋಡಿದೆ. ಅವರು ತಲೆಯಾಡಿಸಿದರು. "ಐತೆ. ಎಲ್ಲಾವ್ನೂ ಬರ್ದಿದ್ದೀನಿ. ಇದ್ದೋವನ್ನೂ, ಇರದೋವನ್ನೂ."

ಹಾಳೆಗಳನ್ನು ತಿರುವಿದೆ. ಸಿಕ್ಕಿತು. "ಸಾಕಮ್ಮ. ಮೊದಲನೆಯದು. ಹೆಣ್ಣು. ಹುಟ್ಟಿದ್ದು ಒಂಬತ್ತು. ಹೋದದ್ದು ಒಂಬತ್ತು. ಬಣ್ಣ ತಾಯಿಯದು." ಅದನ್ನು ಗಟ್ಟಿಯಾಗಿ ಓದಿದೆ. ಆ ಹಾಳೆ ಜಯಮ್ಮನವರ ಕಣ್ಣಿಗೂ ತಪ್ಪಿಸಿಕೊಂಡಿತ್ತು. ಓದಿದರೆ ಹುಟ್ಟಿದ ದಿನವೇ ಹೋದ ಮಗು ಎಂದು ತೋರುತ್ತಿತ್ತೇ ಹೊರತು ಅದರಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

ಸಾಕಮ್ಮ ಹೇಳಿದಳು: "ಒಂಬತ್ತಕ್ಕೆ ಹೋಯ್ತು. ಹುಟ್ಟಿದ್ದು ಆರಕ್ಕೆ. ಮೂರು ದಿನ ಇತ್ತು ಕಣವ್ವ. ಮೂರು ದಿನ ನನ್ನ ಮೊಲೆ ಕುಡೀತು."

ಉಳಿದ ಹಾಳೆಗಳಲ್ಲಿ ನಾನು ಕೆಡಿಸಿದ್ದು ತಾರೀಖು. ಈ ಹಾಳೆಯಲ್ಲಿ ಒಂದು ಮಗುವಿನ ಇಡೀ ಆಯಸ್ಸು. ಅದು ಈ ಭೂಮಿಯ ಮೇಲೆ ಇದ್ದದ್ದೇ ಆರಕ್ಕೂ ಒಂಬತ್ತಕ್ಕೂ ನಡುವೆ. ನನ್ನ ಚುರುಕು ಬೆರಳಿನ ಒಂದು ಏಟಿಗೆ ಆ ಮೂರು ದಿನವೂ ಇಲ್ಲವಾಗಿತ್ತು.

ನಾನು ಪೆನ್ಸಿಲ್ ತೆಗೆದೆ. ಹುಟ್ಟಿದ್ದರ ಮುಂದಿನ ಒಂಬತ್ತನ್ನು ಹೊಡೆದು ಆರು ಎಂದು ಬರೆದೆ. ಆಮೇಲೆ ಹೇಳಿದೆ: "ತಪ್ಪು ನಂದು ಕಣಕ್ಕ. ಜಯಮ್ಮನೋರು ಸರಿಯಾಗೇ ಬರ್ದಿದ್ರು. ಮಿಷನ್ನಲ್ಲಿ ನಾನು ಕೆಡಿಸ್ದೆ."

ಸಾಕಮ್ಮ ಹುಣಸೆಬೀಜದ ಮೊರವನ್ನು ಪಕ್ಕಕ್ಕೆ ಸರಿಸಿದಳು. "ಈಗ ಸರಿಯಾಯ್ತಲ್ಲ," ಎಂದಳು. ಮತ್ತೆ ಏನೋ ಯೋಚಿಸಿ, "ಹೆಸರು ಹಾಕಿಲ್ವಾ ಅದಕ್ಕೆ?" ಎಂದು ಕೇಳಿದಳು. ನಾಮಕರಣ ಆಗಿರಲಿಲ್ಲ, ಹಾಗಾಗಿ ಜಯಮ್ಮನವರು ಬರೆದಿರಲಿಲ್ಲ. "ನಾವು ಮನೇಲಿ ಚೆಲುವಿ ಅಂತ ಕರೀತಿದ್ವಿ. ನಮ್ಮತ್ತೆ ಕರ್ದಿದ್ದು. ಹಾಕ್ಬೋದಾ?"

"ಹಾಕು," ಎಂದರು ಜಯಮ್ಮನವರು ನನಗೆ.

ಹಾಕಿದೆ. ಬರೆದ ಅಕ್ಷರವನ್ನು ಸಾಕಮ್ಮ ಬಗ್ಗಿ ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ. "ಇದೇನಾ?" ಎಂದು ಬೆರಳಿಟ್ಟು ಕೇಳಿದಳು. ಇದೇ ಎಂದೆ. ಹೊರಡುವಾಗ ಒಂದು ಉಂಡೆ ಹುಣಸೆಹಣ್ಣು ಕಟ್ಟಿ ನನ್ನ ಚೀಲಕ್ಕೆ ಹಾಕಿದಳು, ಬೇಡವೆಂದರೂ ಕೇಳಲಿಲ್ಲ.

ದಾರಿಯಲ್ಲಿ ಜಯಮ್ಮನವರು ಹೇಳಿದರು: "ನೀನು ಕೆಡಿಸ್ದೆ ಇದ್ದಿದ್ರೆ ನಾನು ಆ ಹಾಳೆ ಸನ್ಮಾನದಲ್ಲಿ ಕೊಡ್ತಾನೇ ಇರ್ನಿಲ್ಲ. ಎಲ್ರ ಮುಂದೆ ಯಾಕೆ ನೋಯಿಸ್ಲಿ ಅಂತ ಎತ್ತಿಟ್ಕಂಡಿರ್ತಿದ್ದೆ. ಹೆಸರೂ ಗೊತ್ತಾಗ್ತಿರ್ನಿಲ್ಲ." ಅದು ನನ್ನ ಸಮಾಧಾನಕ್ಕೆ ಹೇಳಿದ್ದಿರಬಹುದು. ಆದರೆ ಆ ವಾರ ಅವರು ಅಂಥ ಹಾಳೆಗಳನ್ನೆಲ್ಲ ಬೇರೆ ತೆಗೆದು, ಒಂದೊಂದು ಮನೆಗೂ ತಾವೇ ಹೋಗಿ, ಮನೆಯೊಳಗೆ ಕೂತು ಕೊಟ್ಟು ಬಂದರು. ಯಾರೂ ಬೇಡ ಎನ್ನಲಿಲ್ಲವಂತೆ.

ಸನ್ಮಾನದ ದಿನ ಶಾಲೆಯ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಭಾಷಣ ಮಾಡಲು ಬಂದವರು ಮಾಡಿದರು, ಕೇಳಿದವರು ಕಡಿಮೆ. ಜನ ಹಾಳೆಗಾಗಿ ಕಾಯುತ್ತಿದ್ದರು. ಮೀಸೆ ಬಂದ ಗಂಡಸರು ತಾವು ಹುಟ್ಟಿದಾಗ ಎಷ್ಟು ತೂಕವಿದ್ದೆವು ಎಂದು ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಿದ್ದರು. "ಲೇ, ನೀನು ಹುಟ್ಟುವಾಗ್ಲೂ ಅಳ್ಳಿಲ್ಲ ಕಣ್ಲಾ, ಸೋಮಾರಿ," ಎಂದು ಯಾರೋ ಯಾರನ್ನೋ ರೇಗಿಸುತ್ತಿದ್ದರು. ಸಾಕಮ್ಮನ ಮಗಳು ಹಾಳೆಯನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿದಳು, ಅವರು ಶಾಲೆಯ ದಾಖಲೆಯೊಂದಿಗೆ ಹೋಲಿಸಿ ನೋಡಿ ಪತ್ರ ಬರೆದುಕೊಟ್ಟರು. ಮುಂದಿನ ತಿಂಗಳು ಅವಳು ಕಾರ್ಖಾನೆಯ ಬಸ್ಸಿನ ಕಿಟಕಿಯಿಂದ ನನ್ನ ಅಂಗಡಿಯ ಕಡೆ ಕೈ ಬೀಸುವುದು ಶುರುವಾಯಿತು.

ಆಮೇಲೆ ಕಾಲ ಬದಲಾಯಿತು. ಯಾವ ಯಂತ್ರಕ್ಕೆ ಹೋದರೂ ಅದೇ ಅಕ್ಷರವಾಗಿ ಉಳಿಯುವ ಕನ್ನಡ ಬಂತು. ಕಂಪ್ಯೂಟರಿಗೆ ಈಗ ಆರೆಂದರೆ ಆರೇ. ನಾನು ಅಂಗಡಿ ಮುಚ್ಚಿ ಕೆಲವು ವರ್ಷಗಳಾದವು. ಮನೆಯಲ್ಲಿ ಒಂದು ಲ್ಯಾಪ್‌ಟಾಪಿದೆ. ಜಯಮ್ಮನವರಿಗೆ ಎಂಬತ್ತು ದಾಟಿದೆ, ಸಾತನೂರಿನಲ್ಲೇ ತಮ್ಮನ ಮನೆಯಲ್ಲಿದ್ದಾರೆ, ಕಣ್ಣು ಮಂಜಾಗಿದೆ, ಕಿವಿ ಚೆನ್ನಾಗಿದೆ. ಅವರ ಪುಸ್ತಕವನ್ನು ಹೊಸ ಕನ್ನಡಕ್ಕೆ ನಾನು ಪರಿವರ್ತಿಸುತ್ತಿದ್ದೇನೆ. ಕ್ಷಣದಲ್ಲಿ ಮಾಡಿಕೊಡುವ ಸಾಧನಗಳಿವೆ, ಗೊತ್ತು. ನಾನು ಒಂದೊಂದೇ ಹಾಳೆ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಓದಿ ಹೇಳುತ್ತೇನೆ, ಅವರು ಹೂಂ ಅನ್ನುತ್ತಾರೆ, ನಾನು ಮುಂದಕ್ಕೆ ಹೋಗುತ್ತೇನೆ.

ಇವತ್ತು ಭಾನುವಾರ. ಕೊನೆಯ ಹಾಳೆ ಮುಗಿಯಿತು. ಇಷ್ಟು ವರ್ಷದಲ್ಲಿ ಒಂದು ಸಲವೂ ಕೇಳಬೇಕೆಂದು ಹೊಳೆಯದಿದ್ದದ್ದು ಆಗ ಹೊಳೆಯಿತು.

"ಜಯಮ್ಮನೋರೇ, ನೀವು ಹುಟ್ಟಿದ್ದು ಯಾವತ್ತು?"

ಅವರು ನಕ್ಕರು. "ಸರ್ವೀಸ್ ಪುಸ್ತಕದಲ್ಲಿ ಒಂದು ತಾರೀಖೈತೆ, ಮೇಷ್ಟ್ರು ಹಾಕಿದ್ದು. ಅದು ಸುಳ್ಳು. ನಂದು ಯಾರು ಬರ್ದಿಟ್ಟಿದ್ರು? ಹುರುಳಿ ಕೀಳೋ ಕಾಲ ಅಂತ ನಮ್ಮವ್ವ ಹೇಳ್ತಿದ್ಲು. ಹೊಲದಲ್ಲೇ ನೋವು ಬಂತಂತೆ, ಮನೆ ತಂಕ ನಡ್ಕೊಂಡೇ ಬಂದ್ಲಂತೆ. ಅಷ್ಟೇ ಗೊತ್ತು."

"ಅವ್ವನ ಹೆಸರೇನು?"

"ಕೆಂಪಮ್ಮ. ಯಾಕೆ?"

ಒಸಿ ಇರಿ ಎಂದು ಫೋನನ್ನು ಮೇಜಿನ ಮೇಲಿಟ್ಟು, ಹೊಸ ಹಾಳೆ ತೆಗೆದುಕೊಂಡೆ. ಟೈಪು ಮಾಡಿ, ಒಂದು ಪ್ರತಿ ಬೇರೆ ಕಡೆ ಉಳಿಸಿ, ಆಮೇಲೆ ಫೋನೆತ್ತಿ ಓದಿದೆ: "ಕೆಂಪಮ್ಮ. ಹೆಣ್ಣು, ಜಯಮ್ಮ. ಹುರುಳಿ ಕೀಳುವ ಕಾಲ. ತಾಯಿ ಹೊಲದಿಂದ ನಡೆದು ಬಂದರು."

"ಇನ್ನೊಂದ್ ಸಲ ಓದು," ಎಂದರು ಜಯಮ್ಮನವರು, ಓದಿದೆ. ಆಮೇಲೆ ಅವರು ಹೂಂ ಅಂದರು.